ಸುಳ್ಳು ಜಯಮ್ಮ ಒತ್ತಿದ ‘ಬಂತು’

ಮಕ್ಕಳೇ, ಹೋದ ತಿಂಗಳು ಚಿಕ್ಕಣ್ಣಜ್ಜನ ತಿಥಿಗೆಂದು ನಮ್ಮೂರಿಗೆ ಹೊರಟಾಗ, ರಾವಂದೂರು ದಾಟಿ ಕಾರು ಒಳದಾರಿಗೆ ತಿರುಗಿದ ಕೂಡಲೇ ನೀವಿಬ್ಬರೂ ಮೂಗು ಮುಚ್ಚಿಕೊಂಡಿರಿ. ‘ಏನಜ್ಜಿ ಇದು, ಯಾರೋ ಬೆಲ್ಲ ಸುಟ್ಟ ಹಾಗಿದೆ’ ಎಂದು ಅನು, ನೀನು ಕೇಳಿದೆ. ಅದು ಬೆಲ್ಲವಲ್ಲ, ಹೊಗೆಸೊಪ್ಪು. ಬ್ಯಾರನ್ ಎನ್ನುವ ಎತ್ತರದ ಗೂಡಿನೊಳಗೆ ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ ನೇತುಹಾಕುತ್ತಾರೆ. ಕೆಳಗೆ ಸೌದೆ ಉರಿಸಿ, ಎಲೆ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗುವ ತನಕ ಬೇಯಿಸುತ್ತಾರೆ. ಆ ವಾಸನೆ ಬಟ್ಟೆಗೆ, ಕೂದಲಿಗೆ, ತಟ್ಟೆಯಲ್ಲಿರುವ ಅನ್ನಕ್ಕೂ ಹತ್ತಿಕೊಳ್ಳುತ್ತದೆ. ನಾನು ಅದರಲ್ಲೇ ಅರ್ಧ ಆಯಸ್ಸು ಕಳೆದವಳು. ಆದರೆ ಅವತ್ತು ಕಾರಿನ ಗಾಜು ಇಳಿಸಿ ಅದನ್ನು ಎಳೆದುಕೊಂಡಾಗ ನನಗೆ ನೆನಪಾದದ್ದು ಒಂದೇ ಒಂದು ವರ್ಷದ ಸೊಪ್ಪಿನ ಕಾಲ. ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ‘ಅಜ್ಜಿಗೆ ಏನಾಯ್ತು’ ಎಂದು ನಿಮ್ಮಮ್ಮನನ್ನು ಕೇಳುತ್ತಿದ್ದಿರಿ. ಅವಳಿಗೂ ಪೂರ್ತಿ ಗೊತ್ತಿಲ್ಲ. ಬಾಯಲ್ಲಿ ಹೇಳುವುದು ನನಗೆ ಬರುವುದಿಲ್ಲ. ನಾಲ್ಕು ಜನರ ಮುಂದೆ ಮೊದಲಿನಿಂದಲೂ ನನ್ನ ಮಾತು ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ತೀರಿಕೊಂಡು ಆಗ ಕೆಲವು ವರ್ಷಗಳಾಗಿದ್ದವು. ನಿಮ್ಮಮ್ಮ ಪಿರಿಯಾಪಟ್ಟಣದ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು. ನಮ್ಮ ಪಾಲಿನ ಹೊಲವನ್ನು ತಾತನ ದೊಡ್ಡಪ್ಪನ ಮಗ ಚಿಕ್ಕಣ್ಣನೇ ನೋಡಿಕೊಳ್ಳುತ್ತಿದ್ದ. ಅವನ ಹೆಂಡತಿ ಸಾಕಮ್ಮ ನನಗೆ ವಾರಗಿತ್ತಿ. ವಯಸ್ಸಿನಲ್ಲಿ ಚಿಕ್ಕವಳು, ಬಾಯಲ್ಲಿ ದೊಡ್ಡವಳು. ಎರಡು ಮನೆಯ ನಡುವೆ ಒಂದೇ ಬ್ಯಾರನ್, ಹಿತ್ತಲ ಬೇಲಿ ದಾಟಿ ಓಡಾಡಲು ಒಂದೇ ದಣಪೆ. ಸೊಪ್ಪು ಕಟ್ಟುವ ದಿನಗಳಲ್ಲಿ ನಾವಿಬ್ಬರೂ ಎದುರುಬದುರು ಕೂತು ಕೈಯೆಲ್ಲ ಅಂಟು ಮಾಡಿಕೊಂಡು ಕಡ್ಡಿ ತುಂಬಿಸುತ್ತಿದ್ದೆವು. ಮಾತೆಲ್ಲ ಅವಳದು, ಹೂಂಗುಟ್ಟುವುದು ನನ್ನದು. ‘ಅಕ್ಕಾ, ನೀನು ಮೂಗಿ ಆಗಿದ್ರೂ ನಂಗೆ ಗೊತ್ತಾಯ್ತಿರ್ಲಿಲ್ಲ ಕಣ’ ಎಂದು ಅವಳು ನಗಾಡುತ್ತಿದ್ದಳು.

ಇಂಥ ನನ್ನನ್ನು ಮೈಕಿನ ಮುಂದೆ ಕೂರಿಸಿದ್ದು ಒಂದು ಕಂಪ್ಯೂಟರು.

ಎರಡು ಸಾವಿರದ ಆರೋ ಏಳೋ ಇರಬೇಕು. ಹುಣಸೂರಿನಲ್ಲಿ ಕಚೇರಿ ಮಾಡಿಕೊಂಡಿದ್ದ ಒಂದು ಸಂಸ್ಥೆಯವರು ಹಳ್ಳಿಗಳಲ್ಲಿ ಮಾಹಿತಿ ಕೇಂದ್ರ ತೆರೆಯುತ್ತೇವೆಂದು ಬಂದರು. ಸಾಲಿಗ್ರಾಮದ ಕಡೆ ಒಂದೂರು, ಬೈಲಕುಪ್ಪೆಯ ಪಕ್ಕ ಒಂದೂರು, ಕಾಡಂಚಿನ ಕೋಟೆ ತಾಲ್ಲೂಕಿನ ಕಡೆ ಒಂದೂರು, ಜತೆಗೆ ನಮ್ಮೂರು. ಹಾಲಿನ ಡೈರಿಯವರು ಪಕ್ಕದ ಚಿಕ್ಕ ಕೋಣೆ ಬಿಟ್ಟುಕೊಟ್ಟರು. ಕೋಣೆಯಲ್ಲಿ ಒಂದು ಕಂಪ್ಯೂಟರು, ಅದಕ್ಕೆ ಟೆಲಿಫೋನಿನ ತಂತಿ, ಕರೆಂಟು ಹೋದರೆ ನಡೆಸಲು ಬ್ಯಾಟರಿ. ಕೂರುವುದಕ್ಕೆ ಕನ್ನಡ ಓದಲು ಬರುವ, ಊರು ಬಿಟ್ಟು ಹೋಗದ ಹೆಂಗಸು ಬೇಕು ಎಂದರು. ಡೈರಿ ಕಾರ್ಯದರ್ಶಿ ಪುಟ್ಟಸ್ವಾಮಿ ನನ್ನ ಹೆಸರು ಹೇಳಿದರು. ನಾನು ಓದಿದ್ದು ಊರಿನ ಶಾಲೆಯಲ್ಲಿ ಏಳನೆಯ ತರಗತಿ. ಒಲ್ಲೆ ಎನ್ನುವುದಕ್ಕೂ ಧೈರ್ಯ ಬೇಕಲ್ಲ, ಒಪ್ಪಿಕೊಂಡೆ.

ಕೆಲಸ ಕಲಿಸಲು ಬಂದವಳು ಸವಿತಾ. ಮೈಸೂರಿನ ಹುಡುಗಿ, ಎಂಜಿನಿಯರಿಂಗ್ ಓದಿದವಳು. ಆ ಪರದೆಯ ಪುಟವನ್ನು ಬರೆದವಳೂ ಅವಳೇ. ಅದರ ವಿಶೇಷವನ್ನು ಅವಳು ನನಗೆ ಹೀಗೆ ಬಿಡಿಸಿ ಹೇಳಿದಳು. ‘ಅಮ್ಮ, ಬೇರೆ ಪುಟಗಳಲ್ಲಿ ಹೊಸದು ಬಂದಿದೆಯಾ ಅಂತ ನಾವೇ ತಿರುಗಿ ತಿರುಗಿ ತೆಗೆದು ನೋಡಬೇಕು. ಇದರಲ್ಲಿ ಹಾಗಿಲ್ಲ. ಹುಣಸೂರಿನಲ್ಲಿ ನಾನು ಒಂದು ಸಾಲು ಬರೆದು ಕಳಿಸಿದರೆ, ಅದೇ ಗಳಿಗೆಯಲ್ಲಿ ಎಲ್ಲಾ ಊರಿನ ಪರದೆ ಮೇಲೂ ತಾನಾಗಿ ಬಂದು ಕೂರುತ್ತೆ. ನಿಮ್ಮ ಡೈರಿ ಮೈಕ್ ಇದೆಯಲ್ಲ, ಹಾಗೆ. ಒಂದು ಕಡೆ ಹೇಳಿದರೆ ಎಲ್ಲರಿಗೂ ಕೇಳುತ್ತೆ.’

ಪರದೆಯ ಮೂಲೆಯಲ್ಲಿ ಒಂದು ಚುಕ್ಕಿ. ಹಸಿರಿದ್ದರೆ ಹುಣಸೂರಿಗೂ ನಮಗೂ ಸಂಪರ್ಕವಿದೆ ಎಂದು ಅರ್ಥ, ಕೆಂಪಾದರೆ ಕಡಿದಿದೆ ಎಂದು. ಸುದ್ದಿ ಬಂದ ಕೂಡಲೇ ಅದರ ಕೆಳಗೆ ‘ಬಂತು’ ಎಂಬ ಗುಂಡಿ ಕಾಣಿಸುತ್ತಿತ್ತು. ನಾನು ಸುದ್ದಿ ಓದಿ ಅದನ್ನು ಒತ್ತಬೇಕು. ಆಮೇಲೆ ಬೆಳಿಗ್ಗೆ, ಸಂಜೆ, ಹಾಲು ಹಾಕುವ ಹೊತ್ತಿಗೆ ಅಷ್ಟನ್ನೂ ಡೈರಿಯ ಮೈಕಿನಲ್ಲಿ ಓದಬೇಕು. ಯಾವ ಊರಿನ ಸೊಪ್ಪಿನ ಹರಾಜು ಯಾವ ದಿನ, ಗೊಬ್ಬರ ಬಂದಿದೆಯೇ, ದನಕ್ಕೆ ಚುಚ್ಚುಮದ್ದು ಯಾವತ್ತು, ಇವೇ ಸುದ್ದಿಗಳು.

ಮೊದಲ ಸಂಜೆ ನನ್ನ ದನಿ ನಡುಗಿ, ಅರ್ಧ ಮಾತು ಮೈಕಿನ ಹೊರಗೇ ಬಿತ್ತು. ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಹೆಂಗಸರು ನಕ್ಕರು. ಸಾಕಮ್ಮ ಕೂಗಿ ಹೇಳಿದಳು, ‘ಅಕ್ಕಾ, ಮೈಕು ಕಚ್ಚಲ್ಲ ಕಣ, ಅತ್ರಕ್ಕೆ ಎಳ್ಕೋ.’ ಎಳೆದುಕೊಂಡೆ. ಎರಡು ವಾರ ಕಳೆಯುವುದರಲ್ಲಿ ನನ್ನ ದನಿ ನನಗೇ ಗುರುತು ಸಿಗದಷ್ಟು ಗಟ್ಟಿಯಾಗಿತ್ತು. ಗದ್ದೆ ಬಯಲಿನ ತನಕ ಕೇಳುತ್ತದೆ ಎಂದು ಜನ ಹೇಳುವಾಗ ನಾನು ತಲೆ ತಗ್ಗಿಸಿಕೊಂಡು, ಒಳಗೊಳಗೇ ಹಿಗ್ಗುತ್ತಿದ್ದೆ. ‘ಜಯಮ್ಮ ಓದುದ್ಲಾ? ಅಂಗಾರೆ ಸರಿ ಬುಡು’ ಎನ್ನುವಷ್ಟು ಆಗಿತ್ತು ಊರಿನಲ್ಲಿ. ಗಂಡ ಸತ್ತ ಮೇಲೆ ಹಬ್ಬ ಹರಿದಿನಗಳಲ್ಲಿ ಗೋಡೆ ಬದಿಗೆ ಸರಿದು ನಿಂತಿದ್ದವಳಿಗೆ ಇದು ಸಣ್ಣ ಮಾತಲ್ಲ.

ಶುರುವಿನಲ್ಲಿ ಆ ಪುಟ ಹೇಳಿದ ಮಾತು ಕೇಳುತ್ತಿರಲಿಲ್ಲ. ಸವಿತಾ ಹುಣಸೂರಿನಿಂದ ‘ಪರೀಕ್ಷೆ’ ಎಂದು ಒಂದು ಸುದ್ದಿ ಕಳಿಸಿ, ಕೂಡಲೇ ಫೋನು ಮಾಡುತ್ತಿದ್ದಳು. ‘ಬಂತಾ ಅಮ್ಮ?’ ಬಂದಿದ್ದರೆ ಬಂತು ಎನ್ನುತ್ತಿದ್ದೆ. ಕೆಲವು ಸಲ ಬರುತ್ತಿರಲಿಲ್ಲ. ಕೆಲವು ಸಲ ಒಂದೇ ಸುದ್ದಿ ಎರಡು ಸಲ ಬಂದು ಒಂದರ ಮೇಲೊಂದು ಕೂರುತ್ತಿತ್ತು. ಒಮ್ಮೆ ಕೋಟೆ ಕಡೆಯವರಿಗೆ ಕಳಿಸಿದ ಆನೆಯ ಸುದ್ದಿ ನಮಗೆ ಬಂದುಬಿಟ್ಟಿತು. ನಾನು ಅದನ್ನು ಮೈಕಿನಲ್ಲಿ ಓದದೆ ಅವಳಿಗೆ ಫೋನು ಮಾಡಿದೆ. ಓದಿದ್ದರೆ ಆ ಸಂಜೆ ಊರಲ್ಲಿ ಯಾರೂ ಹೊಲದ ಕಡೆ ಹೋಗುತ್ತಿರಲಿಲ್ಲ. ‘ನಿಮ್ಮ ಹಾಗೆ ನೋಡಿ ಹೇಳೋರು ಬೇರೆ ಯಾವ ಊರಲ್ಲೂ ಇಲ್ಲ ಅಮ್ಮ. ಅವರೆಲ್ಲ ಬಂದ್ರೂ ಬಂತು, ಬರದಿದ್ರೂ ಬಂತು ಅಂತಾರೆ’ ಎಂದಿದ್ದಳು.

ಪುಟ ಸರಿಯಾಗುವ ತನಕ ಅವಳು ನಮ್ಮೂರಿನಲ್ಲೇ ಇರುವುದೆಂದಾಯಿತು. ನಮ್ಮ ಮನೆಯಲ್ಲೇ ಉಳಿದಳು. ನಿಮ್ಮಮ್ಮನ ಚಾಪೆ, ನಿಮ್ಮಮ್ಮನ ಹೊದಿಕೆ, ನಿಮ್ಮಮ್ಮನ ತಟ್ಟೆ. ಮುದ್ದೆ ನುಂಗಲು ಬಾರದೆ ಅಗಿಯುತ್ತಿದ್ದಳು. ಸಾಕಮ್ಮ ಎದುರಿಗೆ ಕೂತು ‘ಅಗೀಬ್ಯಾಡ ಕಣವ್ವ, ಮುದ್ದೆಗೆ ನೋವಾಯ್ತದೆ’ ಎಂದು ರೇಗಿಸುತ್ತಿದ್ದಳು. ಬಿಡುವಿದ್ದಾಗ ನಮ್ಮ ಜತೆ ಕೂತು ಸೊಪ್ಪು ಕಟ್ಟಿದಳು. ಅಂಟು ಹೋಗದ ಕೈಯಲ್ಲೇ ಕಂಪ್ಯೂಟರು ಮುಟ್ಟಿ, ಗುಂಡಿಗಳೆಲ್ಲ ಕಪ್ಪಾಗಿದ್ದವು. ‘ಆಂಟಿ’ ಎನ್ನುತ್ತಿದ್ದವಳು ಯಾವಾಗ ‘ಅಮ್ಮ’ ಎನ್ನತೊಡಗಿದಳೋ ನನಗೆ ತಿಳಿಯಲಿಲ್ಲ. ನಾನೂ ಅವಳಿಗೆ ಎಣ್ಣೆ ಹಚ್ಚಿ ತಲೆ ಬಾಚಿದ್ದೇನೆ.

ಹರಾಜು ಶುರುವಾಗುವ ಹೊತ್ತಿಗೆ ಅವಳ ಮೇಲಿನ ಸಾಹೇಬರು ಅವಸರ ಮಾಡತೊಡಗಿದರು. ಇನ್ನೂ ಎಷ್ಟೋ ಊರಿಗೆ ಕೇಂದ್ರ ಕೊಡುವುದಿತ್ತಂತೆ. ಊರೂರಿಗೆ ಫೋನು ಮಾಡಿ ಬಂತಾ, ಬಂತಾ ಎಂದು ಕೇಳುತ್ತ ಕೂರುವುದಕ್ಕೆ ಆಗುವುದಿಲ್ಲ ಎಂದರಂತೆ. ಹಾಗಾಗಿ ಸವಿತಾ ಹುಣಸೂರಿಗೆ ಹಿಂತಿರುಗಿ, ತಾನಾಗಿಯೇ ಪರೀಕ್ಷೆ ಮಾಡುವ ಒಂದು ಪ್ರೋಗ್ರಾಂ ಬರೆದಳು. ಆಮೇಲೂ ವಾರಕ್ಕೊಮ್ಮೆ ನಮ್ಮೂರಿಗೆ ಬಂದು ಉಳಿಯುತ್ತಿದ್ದಳು, ಅವಳ ಬಟ್ಟೆಯ ಚೀಲ ನಮ್ಮ ಮನೆಯಲ್ಲೇ ಇತ್ತು. ಒಂದು ಸಲ ಎಲ್ಲ ಕೇಂದ್ರದವರನ್ನೂ ಹುಣಸೂರಿಗೆ ಕರೆಸಿದಾಗ, ಊಟವಾದ ಮೇಲೆ ನನ್ನೊಬ್ಬಳನ್ನೇ ಒಳಗೆ ಕರೆದು ಅದನ್ನು ತೋರಿಸಿದಳು. ಅವಳ ಪರದೆಯ ಮೇಲೆ ಊರುಗಳ ಹೆಸರು, ಎದುರಿಗೆ ಆಯಾ ಕೇಂದ್ರದಲ್ಲಿ ಕೂರುವವರ ಹೆಸರು. ಪ್ರೋಗ್ರಾಂ ಒಂದು ಸುದ್ದಿ ಕಳಿಸಿತು. ಕಣ್ಣು ಮಿಟುಕಿಸುವುದರೊಳಗೆ ಒಂದೊಂದೇ ಹೆಸರು ಹಸಿರಾಯಿತು. ನಮ್ಮೂರಿನ ಸಾಲಿನಲ್ಲಿ ‘ಜಯಮ್ಮ: ಬಂತು’ ಎಂದು ಮೂಡಿತು.

‘ನಾನಿಲ್ಲೇ ನಿಂತಿದೀನಲ್ಲವ್ವ, ಅಲ್ಲಿ ಒತ್ತಿದ್ದು ಯಾರು?’ ಎಂದೆ.

ಸವಿತಾ ಜೋರಾಗಿ ನಕ್ಕಳು. ‘ಇವಳು ಸುಳ್ಳು ಜಯಮ್ಮ. ಎಲ್ಲಾ ಊರಿಗೂ ಹೀಗೆ ಮಾಡಿದ್ದೀನಿ, ನಿಮ್ಮ ಹೆಸರಲ್ಲೂ ಒಬ್ಬಳನ್ನ. ಸುದ್ದಿ ಬಂತಾ ಅಂತ ನೋಡ್ತಾಳೆ, ಬಂದ್ರೆ ಒತ್ತುತಾಳೆ. ನಿಮಗೆ ತೊಂದರೆ ಇಲ್ಲ ಇನ್ಮೇಲೆ.’

‘ಎಲ್ಲಿರ್ತಾಳೆ ಇವ್ಳು?’

‘ಇಲ್ಲೇ, ಇದೇ ಡಬ್ಬಿಯೊಳಗೆ.’

‘ನಮ್ಮೂರಲ್ಲಿ ಗುಡುಗು ಸಿಡಿಲು ಬಂದ್ರೆ?’

‘ಬರಲಿ ಬಿಡಿ, ಅವಳು ನೆನೆಯೋದಿಲ್ಲ’ ಎಂದು ನನ್ನ ಭುಜ ಹಿಡಿದಳು. ‘ಇದು ಪರೀಕ್ಷೆಗೆ ಮಾತ್ರ ಅಮ್ಮ. ನಿಜವಾದ ಹರಾಜಿನ ಸುದ್ದಿ ಶುರುವಾದ ಮೇಲೆ ಇವಳನ್ನ ತೆಗೆದುಬಿಡ್ತೀನಿ. ಇನ್ನೊಂದು, ದಿನಾ ಸಂಜೆ ಫೋನ್ ಮಾಡಿ ಹೊಸ ಸುದ್ದಿ ಇದೆಯಾ ಅಂತ ಕೇಳ್ತೀರಲ್ಲ, ಅದನ್ನ ನಿಲ್ಲಿಸಿಬಿಡಿ. ಸಾಹೇಬ್ರು ರೇಗ್ತಾರೆ. ಚುಕ್ಕಿ ಹಸಿರಿದ್ದರೆ ಸಾಕು.’

ನಾನೂ ನಕ್ಕೆ. ಯಂತ್ರಕ್ಕೆ ನನ್ನ ಹೆಸರಿಟ್ಟಿದ್ದಾಳೆ ಎಂದು ಸಾಕಮ್ಮನ ಮುಂದೆ ಹೆಮ್ಮೆಯಿಂದಲೇ ಹೇಳಿಕೊಂಡೆ. ‘ಅಲ್ಲೂ ತಲೆ ಮೇಲೆ ಸೆರಗು ಒದ್ಕಂಡು ಕೂತಿದ್ದಾಳಾ?’ ಎಂದು ಅವಳು ಕೇಳಿದಳು. ಸಂಜೆಯ ಫೋನನ್ನು ನಿಲ್ಲಿಸಿದೆ.

ಹರಾಜು ಹೇಗೆಂದರೆ, ಒಂದೊಂದು ದಿನ ಒಂದೊಂದು ಊರಿನ ಸರದಿ. ಬೇಯಿಸಿದ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸಿ, ಗೋಣಿತಾಟಿನಲ್ಲಿ ಬಿಗಿದು ಬೇಲು ಕಟ್ಟುತ್ತಾರೆ. ಸರದಿಯ ಹಿಂದಿನ ಸಂಜೆ ಟ್ರ್ಯಾಕ್ಟರಿಗೆ ಹೇರಿ, ಬೆಳಕು ಹರಿಯುವ ಮೊದಲೇ ಹೊರಡುತ್ತಾರೆ. ಬೇಲಿನೊಳಗಿನ ಸೊಪ್ಪಿಗೆ ನೀರು ತಾಗಿದರೆ ಮುಗಿಯಿತು, ಬಣ್ಣ ಕಪ್ಪಾಗಿ ಬೂಸಲು ಹಿಡಿಯುತ್ತದೆ. ಆ ವರ್ಷ ಚಿತ್ತೆ ಮಳೆ ಬಿಡದೆ ಸುರಿಯುತ್ತಿತ್ತು. ನಮ್ಮೂರಿನ ಮೊದಲ ಸರದಿ ಆ ಮಳೆಯ ನಡುವೆಯೇ ಬಂತು.

ಹಿಂದಿನ ಮಧ್ಯಾಹ್ನ ಸಿಡಿಲು ಹೊಡೆದು ಕರೆಂಟು ಹೋಯಿತು. ಬ್ಯಾಟರಿಯ ಮೇಲೆ ಕಂಪ್ಯೂಟರು ನಡೆಯುತ್ತಲೇ ಇತ್ತು. ಟೆಲಿಫೋನು ಒಂದಿಷ್ಟು ಹೊತ್ತು ಸತ್ತು ಮತ್ತೆ ಬಂತು. ನಾನು ಪರದೆ ನೋಡಿದೆ. ಬೆಳಿಗ್ಗೆಯ ಗೊಬ್ಬರದ ಸುದ್ದಿ ಇತ್ತು, ಹೊಸದೇನೂ ಇರಲಿಲ್ಲ, ಚುಕ್ಕಿ ಹಸಿರಾಗಿತ್ತು. ಸಂಜೆ ಹಾಲು ಹಾಕಿದ ಮೇಲೆ ಸಾಕಮ್ಮ ಖಾಲಿ ಕ್ಯಾನು ಹಿಡಿದು ನೇರ ಕೋಣೆಯೊಳಗೆ ಬಂದಳು.

‘ಅಕ್ಕಾ, ನಾಳಿಕ್ಕೆ ಅರಾಜು ಐತಾ? ಮಳೆ ನೋಡುದ್ರೆ ಎದೆ ಡವಗುಟ್ತದೆ. ಅವ್ರು ಬೇಲು ಏರ್ತಾ ಅವ್ರೆ.’

‘ಇಲ್ಲ ಅನ್ನೋ ಸುದ್ದಿ ಏನೂ ಬಂದಿಲ್ಲ ಸಾಕಿ. ನೀನೇ ನೋಡು.’

ಅವಳು ಬಗ್ಗಿ ನೋಡಿದಳು. ಸೆರಗಿನ ತುದಿಯಿಂದ ಪರದೆಯ ಗಾಜು ಒರೆಸಿದಳು, ಮತ್ತೆ ನೋಡಿದಳು. ಅವಳು ಶಾಲೆಗೆ ಹೋದದ್ದು ನಾಲ್ಕನೆಯ ತರಗತಿ ತನಕ, ನಿಧಾನವಾಗಿ ಓದುತ್ತಿದ್ದಳು. ‘ಯೂರಿಯಾ ಬಂದದೆ ಅಂತ ಐತೆ. ಇನ್ನೇನೂ ಇಲ್ಲ. ಅಸ್ರು ಚುಕ್ಕಿ ಐತೆ’ ಎಂದಳು.

‘ಐತಲ್ಲ?’

‘ಐತೆ ಬುಡು.’

ಅವಳು ಹೋದ ಮೇಲೆ ನಾನು ಮೈಕಿನಲ್ಲಿ ಓದಿದೆ. ನಾಳೆಯ ಹರಾಜು ಇಲ್ಲವೆಂದು ಯಾವ ಸುದ್ದಿಯೂ ಬಂದಿಲ್ಲ, ಸರದಿಯವರು ಹೋಗಬಹುದು ಎಂದೆ. ಆ ದನಿ ಈಗಲೂ ನನ್ನ ಕಿವಿಯಲ್ಲಿದೆ. ಎಷ್ಟು ಗಟ್ಟಿಯಾಗಿತ್ತು ಅದು.

ಮಾರನೆಯ ದಿನ ಹರಾಜು ಮಾರುಕಟ್ಟೆಯ ಬಾಗಿಲು ಮುಚ್ಚಿತ್ತು. ಕೊಳ್ಳುವವರು ಬರುವುದಿಲ್ಲವೆಂದು ಹಿಂದಿನ ದಿನವೇ ತೀರ್ಮಾನವಾಗಿತ್ತಂತೆ. ಹುಣಸೂರಿನವರು ಮಧ್ಯಾಹ್ನದ ಹೊತ್ತಿಗೇ ‘ನಾಳೆ ಹರಾಜು ಇಲ್ಲ, ಬೇಲು ತರಬೇಡಿ’ ಎಂದು ಕಳಿಸಿದ್ದರಂತೆ. ನಮ್ಮೂರಿನ ಟ್ರ್ಯಾಕ್ಟರುಗಳು ರಸ್ತೆ ಬದಿಯಲ್ಲಿ ಬಾಗಿಲು ತೆರೆದೀತೆಂದು ಕಾದು ನಿಂತವು. ಗಾಳಿಗೆ ಟಾರ್ಪಾಲು ಹರಿಯಿತು. ಸಾಯಂಕಾಲ ಅವು ವಾಪಸು ಬಂದಾಗ ನಾನು ಡೈರಿಯ ಜಗಲಿಯಲ್ಲೇ ಇದ್ದೆ. ಎಲ್ಲಕ್ಕಿಂತ ಹೆಚ್ಚು ನೆನೆದಿದ್ದವು ಹೊರಬದಿಗೆ ಹೇರಿದ್ದ ಚಿಕ್ಕಣ್ಣನ ಬೇಲುಗಳು. ಅದರಲ್ಲಿ ನಮ್ಮ ಪಾಲಿನ ಸೊಪ್ಪೂ ಇತ್ತು, ಸಾಕಮ್ಮನೂ ನಾನೂ ಎದುರುಬದುರು ಕೂತು ಕಟ್ಟಿದ ಸೊಪ್ಪು. ಚಿಕ್ಕಣ್ಣ ಟ್ರ್ಯಾಕ್ಟರಿನಿಂದ ಇಳಿದು ನನ್ನ ಕಡೆ ನೋಡಲೂ ಇಲ್ಲ. ಪುಟ್ಟಸ್ವಾಮಿಯವರಿಗೆ ಹೇಳಿದ, ‘ಅತ್ತಿಗೆಮ್ಮನ್ನ ನಂಬ್ಕಂಡು ಬೇಲು ತಕ್ಕಂಡು ಓದ್ವಲ್ಲ, ನಮ್ಗೆ ಬುದ್ಧಿ ಇಲ್ಲ.’

ಎರಡು ದಿನ ಬಿಟ್ಟು ಹುಣಸೂರಿನಿಂದ ಜೀಪು ಬಂತು. ಸಾಹೇಬರೂ ಬಂದಿದ್ದರು, ಸವಿತಾಳೂ ಬಂದಿದ್ದಳು. ಅವಳನ್ನು ಕಂಡು ನನಗೆ ಉಸಿರು ಬಂದ ಹಾಗಾಯಿತು. ಎಲ್ಲ ಗೊತ್ತಿರುವವಳು ಬಂದಳು, ಇನ್ನು ನಾನು ಬಾಯಿ ತೆರೆಯಬೇಕಾಗಿಲ್ಲ ಎಂದುಕೊಂಡೆ. ಡೈರಿಯ ಜಗಲಿಯಲ್ಲಿ ಜನ ಸೇರಿದರು. ಕಂಪ್ಯೂಟರನ್ನು ಬಾಗಿಲಿನ ತನಕ ಎಳೆದು, ಎಲ್ಲರಿಗೂ ಕಾಣುವ ಹಾಗೆ ಇಟ್ಟರು. ಸಾಹೇಬರು ಒಂದು ಪುಟ ತೆಗೆದರು. ಆ ಮಧ್ಯಾಹ್ನದ ಸುದ್ದಿ, ಅದರ ಕೆಳಗೆ ಊರುಗಳ ಹೆಸರು, ಗುಂಡಿ ಒತ್ತಿದ ಹೊತ್ತು. ನಮ್ಮೂರಿನ ಸಾಲಿನಲ್ಲಿ ‘ಜಯಮ್ಮ: ಬಂತು’ ಎಂದಿತ್ತು.

‘ನಮ್ಮ ಕಡೆಯಿಂದ ತಪ್ಪಾಗಿಲ್ಲ. ಸುದ್ದಿ ಮುಟ್ಟಿದೆ. ನಿಮ್ಮವರು ನೋಡಿ, ಗುಂಡಿ ಒತ್ತಿದ್ದಾರೆ. ಓದಿಲ್ಲ ಅಷ್ಟೇ’ ಎಂದರು ಸಾಹೇಬರು.

ಪುಟ್ಟಸ್ವಾಮಿ ನನ್ನ ಕಡೆ ತಿರುಗಿದರು. ‘ಒತ್ತಿದ್ದೀರಲ್ಲ ತಾಯಿ?’

‘ನಾ ಒತ್ತಿಲ್ಲ.’

‘ಮತ್ಯಾರು ಒತ್ತುದ್ರು, ನಿಮ್ ಕೋಣೇಲಿ ದೆವ್ವ ಐತಾ?’ ಎಂದು ಹಿಂದಿನಿಂದ ಯಾರೋ ಅಂದರು. ಜನ ನಕ್ಕರು.

ನಾನು ಪರದೆ ನೋಡಿದೆ. ಸಾಲಿಗ್ರಾಮದ ಕಡೆಯವರು, ಬೈಲಕುಪ್ಪೆಯ ಕಡೆಯವರು, ಕೋಟೆಯವರು, ನಾನು, ಎಲ್ಲರೂ ಒಂದೇ ಗಳಿಗೆಗೆ ಒತ್ತಿದ್ದೆವು. ಬೇರೆ ಬೇರೆ ಊರಿನ ಹೆಂಗಸರು, ಒಬ್ಬಳು ಒಲೆಯ ಮುಂದೆ, ಒಬ್ಬಳು ದನದ ಹತ್ತಿರ ಇರುವವರು, ಹಾಗೆ ಒಟ್ಟಿಗೆ ಒತ್ತುತ್ತಾರೆಯೇ? ಒತ್ತಿದವಳು ಯಾರೆಂದು ನನಗೆ ತಿಳಿಯಿತು. ಆ ಸುಳ್ಳು ಜಯಮ್ಮನನ್ನು ಸವಿತಾ ತೆಗೆದಿರಲಿಲ್ಲ. ಕಳಿಸಿದ್ದು ಹುಣಸೂರಿನ ಡಬ್ಬಿ, ಬಂತು ಎಂದದ್ದೂ ಅದೇ ಡಬ್ಬಿ. ನಡುವೆ ನಮ್ಮೂರೂ ಇರಲಿಲ್ಲ, ನಮ್ಮ ಮಳೆಯೂ ಇರಲಿಲ್ಲ. ಸುದ್ದಿ ಹೊರಟ ಹೊತ್ತಿಗೆ ನಮ್ಮ ತಂತಿ ಕಡಿದಿತ್ತು, ಆಮೇಲೆ ಕೂಡಿತು. ಅದು ನಮ್ಮ ಚುಕ್ಕಿಗೂ ಗೊತ್ತಾಗಿರಲಿಲ್ಲ, ಅದು ಸುಮ್ಮನೆ ಹಸಿರಾಗಿ ಕೂತಿತ್ತು. ಇದಿಷ್ಟೂ ನನ್ನ ತಲೆಯಲ್ಲಿ ಓಡಿತು. ಬಾಯಿಗೆ ಬಂದದ್ದು ಒಂದೇ ಮಾತು.

‘ಸವಿತಾ, ನೀನೇ ಹೇಳವ್ವ.’

ಅವಳು ಮೂಲೆಯಲ್ಲಿ ನಿಂತು ಒಂದು ತಂತಿಯನ್ನು ಕೈಗೆ ಸುತ್ತಿಕೊಳ್ಳುತ್ತಿದ್ದಳು. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದಳು. ಸಾಹೇಬರು ಅವಳನ್ನು ನೋಡಿದರು. ಅವಳು ನನ್ನನ್ನು ನೋಡದೆ ಹೇಳಿದಳು.

‘ಸಿಸ್ಟಂ ಪ್ರಕಾರ ಬಂದಿದೆ ಅಮ್ಮ.’

ಮಕ್ಕಳೇ, ಆ ‘ಅಮ್ಮ’ ಎಂಬುದನ್ನು ಅವಳು ಬಿಟ್ಟು ಹೇಳಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲವೇನೋ.

ನನಗೆ ಇನ್ನೊಬ್ಬಳು ಉಳಿದಿದ್ದಳು. ಸಾಕಮ್ಮ ಕಂಬಕ್ಕೆ ಒರಗಿ ನಿಂತಿದ್ದಳು, ಕಾಲ ಬಳಿ ಹಾಲಿನ ಕ್ಯಾನು. ಪರದೆಯ ಗಾಜನ್ನು ತನ್ನ ಸೆರಗಿನಿಂದ ಒರೆಸಿ ಓದಿದವಳು. ಯೂರಿಯಾ ಬಿಟ್ಟರೆ ಇನ್ನೇನೂ ಇಲ್ಲ ಎಂದು ತನ್ನ ಬಾಯಲ್ಲೇ ಹೇಳಿದವಳು. ಊರಿನಲ್ಲಿ ಯಾವ ಗಂಡಸಿಗೂ ಅಂಜದೆ ಮಾತಾಡುವವಳು. ನಾನು ಅವಳನ್ನೇ ನೋಡುತ್ತ ನಿಂತೆ. ಅವಳು ಗಂಡನ ಕಡೆ ಒಮ್ಮೆ ನೋಡಿದಳು. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಗ್ಗಿ ಕ್ಯಾನಿನ ಮುಚ್ಚಳ ಸರಿಮಾಡತೊಡಗಿದಳು. ಅಷ್ಟು ಹೊತ್ತು ಸರಿಮಾಡುವಂಥದ್ದು ಆ ಮುಚ್ಚಳದಲ್ಲಿ ಏನಿತ್ತು?

‘ನೆಂದಿರೋದು ನಮ್ ಬೇಲು. ಇನ್ನೇನ್ ಬೇಕು ಸಾಕ್ಷಿ’ ಎಂದ ಚಿಕ್ಕಣ್ಣ.

ಮೈಕಿನಲ್ಲಿ ಬಂದಿದ್ದ ದನಿ ಎಲ್ಲಿ ಹೋಯಿತೋ ತಿಳಿಯದು. ಕೋಣೆಯ ಬೀಗದ ಕೈಯನ್ನು ಪುಟ್ಟಸ್ವಾಮಿಯವರ ಮೇಜಿನ ಮೇಲೆ ಇಟ್ಟು ಮನೆಗೆ ಬಂದೆ.

ಸ್ವಲ್ಪ ಹೊತ್ತಿಗೆ ಜೀಪಿನ ಡ್ರೈವರು ಬಾಗಿಲಿಗೆ ಬಂದ. ಸವಿತಾಳ ಚೀಲ ಬೇಕಂತೆ. ಅವಳ ಚೂಡಿದಾರಗಳನ್ನು ನಾನೇ ಒಗೆದು ಮಡಿಸಿ ಇಟ್ಟಿದ್ದೆ. ಸೋಪಿನ ಡಬ್ಬಿ, ಬಾಚಣಿಗೆ, ಅವಳ ದುಪಟ್ಟಾ ಎಲ್ಲ ತುಂಬಿ ಕೊಟ್ಟೆ.

‘ಮೇಡಮ್ಮು ಗಾಡೀಲಿ ಅಳ್ತಾ ಕೂತವ್ರೆ ಅಮ್ಮ. ಏನಾರ ಏಳ್ಬೇಕಾ?’ ಎಂದ ಅವನು.

‘ಏನಿಲ್ಲ’ ಎಂದೆ. ಅಳುವುದಕ್ಕೆ ಅವಳಿಗೆ ಜೀಪಿನ ಒಳಗು ಇತ್ತು, ಮೈಸೂರಿನ ದಾರಿ ಇತ್ತು. ನಾನು ಅಳಬೇಕಾದದ್ದು ಅದೇ ಊರಿನಲ್ಲಿ. ಅವಳಿಗೂ ಕೆಲಸ ಹೋಗುವ ಭಯ ಇದ್ದಿರಬಹುದು, ಮನೆಯಲ್ಲಿ ಅವಳ ಸಂಬಳ ಕಾಯುವವರು ಇದ್ದಿರಬಹುದು. ಆಮೇಲೆ ಎಷ್ಟೋ ಸಲ ಅವಳ ಪರವಾಗಿ ಹೀಗೆ ಯೋಚಿಸಿದ್ದೇನೆ. ಯೋಚಿಸಿ ಮುಗಿದ ಮೇಲೂ ಮನಸ್ಸು ಅಲ್ಲೇ ನಿಂತಿರುತ್ತದೆ. ಅವಳಿಂದ ಆಮೇಲೆ ಒಂದು ಫೋನೂ ಬರಲಿಲ್ಲ.

ಆ ಸಂಜೆ ಹಾಲಿನ ಹೊತ್ತಿಗೆ ಮೈಕಿನಲ್ಲಿ ಪುಟ್ಟಸ್ವಾಮಿಯವರ ದನಿ ಬಂತು. ‘ಮಾಹಿತಿ ಕೇಂದ್ರದ ಜಯಮ್ಮನವರನ್ನು ಕೆಲಸದಿಂದ ಬಿಡಿಸಲಾಗಿದೆ. ಅವರು ಹೇಳಿದ ಸುದ್ದಿಗೆ ಇನ್ನು ಮುಂದೆ ಡೈರಿ ಜವಾಬ್ದಾರಿಯಲ್ಲ.’ ಕೇಳದವರಿಗೂ ಕೇಳಲಿ ಎಂದು ಎರಡು ಸಲ ಓದಿದರು. ಗದ್ದೆ ಬಯಲಿನ ತನಕ ಕೇಳಿಸಿರಬೇಕು. ನಾನು ಒಲೆಯ ಮುಂದೆ ಕೂತಿದ್ದೆ. ಬೆಂಕಿ ಆರಿಹೋಗಿತ್ತು, ಊದುವುದನ್ನೂ ಮರೆತಿದ್ದೆ.

ಸಾಕಮ್ಮ ಹಿತ್ತಲ ದಣಪೆ ದಾಟಿ ಬರುವುದನ್ನು ನಿಲ್ಲಿಸಿದಳು. ಕೆಲವು ದಿನಗಳ ಮೇಲೆ ಅಲ್ಲಿ ಮುಳ್ಳು ಹಾಕಿದ್ದು ಕಂಡಿತು. ಆ ವರ್ಷದ ಉಳಿದ ಸೊಪ್ಪನ್ನು ಅವಳು ಯಾರ ಜತೆ ಕೂತು ಕಟ್ಟಿದಳೋ ಗೊತ್ತಿಲ್ಲ. ನಾನು ಮನೆಯೊಳಗಿದ್ದು ಬ್ಯಾರನಿನ ಹೊಗೆ ನೋಡುತ್ತಿದ್ದೆ. ವಾಸನೆಗೆ ಮುಳ್ಳು ಅಡ್ಡ ಬರುವುದಿಲ್ಲವಲ್ಲ, ಅದು ಎಂದಿನಂತೆ ಒಳಗೆ ಬರುತ್ತಿತ್ತು. ಕಂಪ್ಯೂಟರಿನ ಮುಂದೆ ಬೇರೆಯವರನ್ನು ಕೂರಿಸಿದರು. ಬೇಸಗೆಯ ಹೊತ್ತಿಗೆ ಸಂಸ್ಥೆಯವರು ಎಲ್ಲ ಊರಿನಿಂದಲೂ ಪೆಟ್ಟಿಗೆ ಕಟ್ಟಿಕೊಂಡು ಹೋದರು. ಆದರೆ ಮಾತು ಹೋಗಲಿಲ್ಲ. ಅಂಗಡಿಯಲ್ಲಿ ನಾನು ಏನಾದರೂ ಹೇಳಿದರೆ ‘ಬಂತಾ ಜಯಮ್ಮ, ಒತ್ತುದ್ರಾ?’ ಎಂದು ನಗುವವರಿದ್ದರು. ನಿಮ್ಮಮ್ಮನಿಗೆ ಕೆಲಸ ಸಿಕ್ಕಿ ಹುಣಸೂರಿನಲ್ಲಿ ಮನೆ ಮಾಡಿದಾಗ, ಅವಳು ಕರೆದ ಮೊದಲ ಮಾತಿಗೇ ನಾನು ಹೊರಟು ಬಂದೆ. ಅಮ್ಮ ಅಷ್ಟು ಬೇಗ ಊರು ಬಿಟ್ಟಳಲ್ಲ ಎಂದು ಅವಳಿಗೆ ಈಗಲೂ ಆಶ್ಚರ್ಯ.

ಈಗ ಹೋದ ತಿಂಗಳಿನ ಮಾತು. ಚಿಕ್ಕಣ್ಣ ಹೋದನೆಂದು ತಿಳಿದಾಗ ಹೋಗುವುದೋ ಬೇಡವೋ ಎಂದು ಎರಡು ಮನಸ್ಸಾಯಿತು. ಸಾವಿನ ಮನೆಗೆ ಹೋಗದೆ ಇರಬಾರದೆಂದು ಹೊರಟೆ. ಎಲೆಯ ಮುಂದೆ ಕೂತಾಗ ಸಾಕಮ್ಮ ನನಗೆ ತಾನೇ ಬಡಿಸಿದಳು. ಅವಳ ಹಣೆ ಬರಿದಾಗಿತ್ತು. ಮಂಡಿ ನೋವು, ಸೊಸೆಯ ಹೆರಿಗೆ, ಮಾರಿದ ಎಮ್ಮೆ, ಎಲ್ಲ ಹೇಳಿದಳು. ನಾನು ಹಿಂದಿನಂತೆ ಹೂಂಗುಟ್ಟಿದೆ.

ನೀವು ಕಾರಿನ ಕಡೆ ಹೋದ ಮೇಲೆ ಅವಳು ನನ್ನ ಕೈ ಹಿಡಿದು ಬ್ಯಾರನ್ ಹಿಂದಕ್ಕೆ ಕರೆದುಕೊಂಡು ಹೋದಳು. ಗೋಡೆ ಬೆಚ್ಚಗಿತ್ತು. ಒಳಗೆ ಸೊಪ್ಪು ಬೇಯುತ್ತಿತ್ತು.

‘ಮೈಕಲ್ಲಿ ನಿನ್ ದನಿ ಚೆಂದಾಗಿತ್ತು ಕಣಕ್ಕ. ಈಗ್ಲೂ ಯಾರ್ಯಾರೋ ಓದ್ತಾರೆ, ನಂಗೆ ಕಿವಿಗೇ ಅತ್ತಲ್ಲ’ ಎಂದಳು.

ನಾನು ಹೂಂಗುಟ್ಟಲಿಲ್ಲ. ‘ಅವತ್ತು ಸಂಜೆ ನೀನೂ ನೋಡ್ದೆ ಸಾಕಿ’ ಎಂದೆ. ಅಷ್ಟು ವರ್ಷ ಒಳಗಿಟ್ಟುಕೊಂಡ ಮಾತು ಇಷ್ಟು ಚಿಕ್ಕದೇ ಎಂದು ನನಗೇ ಅನ್ನಿಸಿತು.

ಅವಳು ಬಾಯಿ ತೆರೆಯುವಷ್ಟರಲ್ಲಿ ಡೈರಿಯ ಮೈಕು ಶುರುವಾಯಿತು. ಯಾರೋ ಹುಡುಗಿ, ದನಕ್ಕೆ ಚುಚ್ಚುಮದ್ದು ಹಾಕುವ ಸುದ್ದಿ ಓದುತ್ತಿದ್ದಳು. ಸಾಕಮ್ಮ ಅದು ಮುಗಿಯುವ ತನಕ ಗೋಡೆಯ ಮೇಲೆ ಕೈ ಆಡಿಸುತ್ತ ನಿಂತಳು.

‘ನೋಡ್ದೆ. ಅದ್ರಲ್ಲಿ ಏನೂ ಬಂದಿರ್ಲಿಲ್ಲ’ ಎಂದಳು.

‘ಮತ್ಯಾಕೆ ಹೇಳ್ಲಿಲ್ಲ?’

‘ಅವ್ರು ಅಲ್ಲೇ ಇದ್ರಲ್ಲಕ್ಕ. ಬೇಲು ನೆಂದೋಗಿತ್ತು, ಬಯ್ಯಕ್ಕೆ ಯಾರಾದ್ರೂ ಬೇಕಾಗಿತ್ತು. ಉಣಸೂರೋರ್ನ ಎಲ್ಲೀಂತ ಉಡುಕ್ಕಂಡು ಓಗದು? ನೀನು ಅತ್ರುದೋಳು.’

ಅಷ್ಟು ಹೇಳಿ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು, ಅವತ್ತು ಪರದೆಯ ಗಾಜು ಒರೆಸಿದ ಹಾಗೆಯೇ. ನಿಮ್ಮಪ್ಪ ಹಾರ್ನ್ ಒತ್ತಿದರು. ನಾನು ಬಂದು ಕಾರು ಹತ್ತಿದೆ.

ನಾನು ಒತ್ತಲಿಲ್ಲ ಎಂಬುದು ಆ ಊರಿನಲ್ಲಿ ಒಬ್ಬಳಿಗೆ ಮೊದಲಿನಿಂದಲೂ ಗೊತ್ತಿತ್ತು. ಅವಳು ಗಂಡ ಸಾಯುವ ತನಕ ಕಾದಳು, ಮೈಕು ನಿಲ್ಲುವ ತನಕ ಕಾದಳು. ಆಮೇಲೆ ಬ್ಯಾರನಿನ ಹಿಂದೆ ನಿಂತು, ನನ್ನೊಬ್ಬಳಿಗೆ ಮಾತ್ರ ಕೇಳುವ ಹಾಗೆ ಹೇಳಿದಳು.